ಹುಡುಗನ ಬೆನ್ನಿಗೂ ಬಟ್ಟೆ ಬೇಕು

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿಯುತ್ತಿದ್ದಂತೆ ಊರೂರಿನ ಈಜುಕೊಳಗಳಲ್ಲಿ 21 ದಿನದ ಬೇಸಿಗೆ ಶಿಬಿರಗಳು ಶುರುವಾಗುತ್ತವೆ. ಬೆಳಿಗ್ಗೆ ಹತ್ತರ ಬ್ಯಾಚಿನ ಹೊತ್ತಿಗೆ ಯಾವುದಾದರೂ ಕೊಳದ ಕಟ್ಟೆಯ ಮೇಲೆ ನಿಂತು ನೋಡಿ. ಏಳೆಂಟು ವರ್ಷದ ಹುಡುಗ ಬರೀ ಚಡ್ಡಿಯಲ್ಲಿರುತ್ತಾನೆ. ಅವನ ಓರಗೆಯ ಹುಡುಗಿ ನೆರಿಗೆಯ ಫ್ರಾಕಿನಂಥ ಕಾಸ್ಟ್ಯೂಮ್ ತೊಟ್ಟು, ಅದರ ಕೆಳಗೆ ಹತ್ತಿಯ ಲೆಗ್ಗಿಂಗ್ಸ್ ಹಾಕಿಕೊಂಡಿರುತ್ತಾಳೆ, ಕೆಲವೊಮ್ಮೆ ಮೇಲೊಂದು ಟೀ ಶರ್ಟೂ ಇರುತ್ತದೆ. ಇಬ್ಬರಿಗೂ ಬಟ್ಟೆ ಆರಿಸುವಾಗ ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಹುಡುಗನದನ್ನು ಆರಿಸಿದ್ದು ‘ಗಂಡುಹುಡುಗ, ಏನಾಗುತ್ತೆ’ ಎಂಬ ಮಾತು, ಹುಡುಗಿಯದನ್ನು ಆರಿಸಿದ್ದು ‘ನೋಡಿದವರು ಏನಂತಾರೆ’ ಎಂಬ ಮಾತು. ಹೀಗಾಗಿ ಅವನ ಬೆನ್ನು ಸುಡುತ್ತದೆ, ಇವಳ ಕಾಲು ನೀರಿನಲ್ಲಿ ತೊಡರುತ್ತದೆ. ಈಜು ಕಲಿಯುವ ಮಕ್ಕಳಿಗೆ ಗಂಡು ಹೆಣ್ಣೆನ್ನದೆ ಒಂದೇ ಬಗೆಯ ಉಡುಗೆ ಇರಲಿ, ಅದನ್ನು ಬಿಸಿಲು ಮತ್ತು ನೀರು ಇವೆರಡನ್ನೇ ನೋಡಿ ಆರಿಸೋಣ ಎಂದು ಕೇಳಿಕೊಳ್ಳಲು ಈ ಪತ್ರ.

ಮೊದಲು ಬಿಸಿಲಿನ ವಿಚಾರ. ಚರ್ಮವನ್ನು ಸುಡುವುದು ಸೆಕೆಯಲ್ಲ, ಅತಿನೇರಳೆ ಕಿರಣ. ಸೆಕೆ ಮೈಗೆ ತಿಳಿಯುತ್ತದೆ, ಈ ಕಿರಣ ತಿಳಿಯುವುದಿಲ್ಲ. ನೀರಿನಲ್ಲಿರುವ ಮಗುವಿಗೆ ತಂಪೇ ತಂಪು, ಹಾಗಾಗಿ ‘ಸಾಕು, ನೆರಳಿಗೆ ಬಾ’ ಎಂದು ಮೈಯೇ ಹೇಳುವ ಎಚ್ಚರಿಕೆ ಅಲ್ಲಿ ಕೆಲಸ ಮಾಡುವುದಿಲ್ಲ. ನೀರು ಕಾಪಾಡುತ್ತದೆ ಎಂಬುದೂ ತಪ್ಪು. ಅರ್ಧ ಮೀಟರ್ ಆಳದಲ್ಲೂ ಮೇಲ್ಮೈಯಲ್ಲಿರುವುದರ ಸುಮಾರು ಶೇ 40ರಷ್ಟು ಅತಿನೇರಳೆ ಕಿರಣ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಿಯುವ ಮಗು ಅಷ್ಟು ಆಳಕ್ಕೂ ಹೋಗುವುದಿಲ್ಲ, ಬೋರಲಾಗಿ ತೇಲುತ್ತಾ ಬೆನ್ನನ್ನು ಸೂರ್ಯನಿಗೆ ಒಡ್ಡಿಕೊಂಡೇ ಇರುತ್ತದೆ.

ಅತಿನೇರಳೆ ಕಿರಣದ ತೀವ್ರತೆ ಅಳೆಯುವ, ಅದೇ ಸಂಸ್ಥೆಯ ಯುವಿ ಸೂಚ್ಯಂಕದ ಪ್ರಕಾರ 3ರಿಂದ ಮೇಲಕ್ಕೆ ರಕ್ಷಣೆ ಬೇಕು, 8ರಿಂದ 10 ಎಂದರೆ ಅತಿ ಹೆಚ್ಚು, 11 ಮತ್ತು ಅದರ ಮೇಲೆ ವಿಪರೀತ. ಮಾರ್ಚ್‌ನಿಂದ ಮೇ ತನಕ ಮೋಡವಿಲ್ಲದ ನಡುಹಗಲಲ್ಲಿ ನಮ್ಮ ರಾಜ್ಯದಲ್ಲಿ ಈ ಸೂಚ್ಯಂಕ 11 ದಾಟುವುದು ಮಾಮೂಲು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ‘ಶೂನ್ಯ ನೆರಳಿನ ದಿನ’ ಬರುತ್ತದೆ. ಆ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಂತು, ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಬೇಸಿಗೆ ಶಿಬಿರಗಳು ಭರ್ತಿಯಾಗಿರುವ ಕಾಲವೂ ಅದೇ. ‘ಬೆಂಗಳೂರು ತಂಪು ಊರು’ ಎಂಬ ಧೈರ್ಯ ಬೇಡ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಕಿರಣ ಶೇ 10ರಷ್ಟು ಹೆಚ್ಚುತ್ತದೆ. ತೆಳು ಮೋಡವಿದ್ದರೂ ಹೆಚ್ಚಿನ ಪಾಲು ಕಿರಣ ಕೆಳಗಿಳಿಯುತ್ತದೆ. ಮಲ್ಪೆ, ಪಣಂಬೂರು, ಗೋಕರ್ಣದ ತೀರಗಳಲ್ಲಿ ಒಣ ಮರಳು ಶೇ 15ರಷ್ಟನ್ನೂ ಅಲೆಯ ನೊರೆ ಶೇ 25ರಷ್ಟನ್ನೂ ಪ್ರತಿಫಲಿಸುವುದರಿಂದ ಕೊಡೆಯ ಕೆಳಗೆ ಕೂತವರಿಗೂ ಪೂರ್ತಿ ನೆರಳು ಸಿಗುವುದಿಲ್ಲ. ಮೊಬೈಲು, ಆ್ಯಪು ಏನೂ ಇಲ್ಲದೆ ಅಳೆಯುವ ಉಪಾಯವೂ ಇದೆ: ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಅದು ಮೈ ಮುಚ್ಚಿಕೊಳ್ಳಬೇಕಾದ ಹೊತ್ತು.

ನಮ್ಮದು ಕಂದು ಮೈಬಣ್ಣ. ಅದರಲ್ಲಿರುವ ಮೆಲನಿನ್ ಎಂಬ ಬಣ್ಣದ ಅಂಶ ಒಂದಿಷ್ಟು ಕಾವಲು ಕೊಡುತ್ತದೆ, ಬಿಳಿಯರಿಗೆ ಹೋಲಿಸಿದರೆ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಹಳ ಕಡಿಮೆ. ಕ್ಯಾನ್ಸರಿನ ಹೆಸರು ಹೇಳಿ ಪೋಷಕರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕಂದು ಚರ್ಮವೂ ಸುಡುತ್ತದೆ. ಕೆಂಪಗಾಗುವುದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಮುಟ್ಟಿದರೆ ಬಿಸಿ, ಬಿಗಿದಂತಾಗುವುದು, ಅಂಗಿ ತಾಗಿದರೆ ಉರಿ, ಎರಡು ಮೂರು ದಿನದ ಮೇಲೆ ಸಿಪ್ಪೆ ಏಳುವುದು, ಇವು ಗುರುತು. ಉರಿ ಕೊಳದಲ್ಲಿದ್ದಾಗ ಬರುವುದಿಲ್ಲ, ಮೂರರಿಂದ ಐದು ಗಂಟೆ ಕಳೆದು ಶುರುವಾಗಿ ಮರುದಿನದ ಹೊತ್ತಿಗೆ ಜೋರಾಗುತ್ತದೆ. ರಾತ್ರಿ ಮಗ್ಗುಲಾಗಲು ಆಗದೆ ಅಳುವ ಹುಡುಗನಿಗೆ ‘ಇಡೀ ದಿನ ಕುಣಿದಿದ್ದೀಯ, ಮೈಕೈ ನೋವು’ ಎಂದು ಎಣ್ಣೆ ತಿಕ್ಕುವ ಮನೆಗಳಿವೆ. ಸುಟ್ಟ ಚರ್ಮದ ಮೇಲೆ ಎಣ್ಣೆ ತಿಕ್ಕಬಾರದು. ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ಧಾರಾಳವಾಗಿ ನೀರು ಕುಡಿಸಬೇಕು. ಗುಳ್ಳೆ ಎದ್ದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು. ತೊನ್ನಿನ ಮಚ್ಚೆಯಿರುವ ಮಕ್ಕಳಿಗಂತೂ ಆ ಜಾಗದಲ್ಲಿ ಮೆಲನಿನ್ ಇರುವುದೇ ಇಲ್ಲ, ಬಹುಬೇಗ ಸುಡುತ್ತದೆ.

ಹೀಗೆ ಸುಡಿಸಿಕೊಳ್ಳುವವರಲ್ಲಿ ಹುಡುಗರೇ ಹೆಚ್ಚು. ಬೆನ್ನು, ಭುಜದ ತುದಿ, ಕತ್ತಿನ ಹಿಂಭಾಗ, ಕಿವಿಯ ಮೇಲಂಚು ಮೊದಲು ಸುಡುವ ಜಾಗಗಳು. ಬೇಸಿಗೆಯೆಂದು ಹುಡುಗರಿಗೆ ಮಿಷನ್ ಕಟಿಂಗ್ ಮಾಡಿಸಿರುತ್ತಾರೆ, ಆಗ ನೆತ್ತಿ, ಕಿವಿ, ಕುತ್ತಿಗೆಗೆ ಕೂದಲಿನ ನೆರಳೂ ತಪ್ಪುತ್ತದೆ. ಮಗಳಿಗೆ ಸನ್‌ಸ್ಕ್ರೀನ್ ಹಚ್ಚುವ ತಾಯಿ ಪಕ್ಕದಲ್ಲಿ ನಿಂತ ಮಗನಿಗೆ ಹಚ್ಚದಿರುವುದು ಕಟ್ಟೆಯ ಮೇಲಿನ ದಿನನಿತ್ಯದ ದೃಶ್ಯ. ಕೇಳಿದರೆ ‘ಅವಳು ಕಪ್ಪಾಗ್ತಾಳೆ’ ಎನ್ನುತ್ತಾರೆ. ಈ ಒಂದು ಮಾತು ಇಬ್ಬರಿಗೂ ಅನ್ಯಾಯ ಮಾಡುತ್ತದೆ. ಕಪ್ಪಾಗುವುದು ರೋಗವೂ ಅಲ್ಲ, ಕುಂದೂ ಅಲ್ಲ, ಏಟು ಬಿದ್ದ ಚರ್ಮ ತನ್ನನ್ನು ಕಾಯ್ದುಕೊಳ್ಳಲು ಬಣ್ಣ ತಯಾರಿಸಿಕೊಂಡ ಗುರುತು. ಕಾಯಬೇಕಾದದ್ದು ಬಣ್ಣವನ್ನಲ್ಲ, ಚರ್ಮವನ್ನು. ಹಾಗೆಂದು ಒಪ್ಪಿಕೊಂಡರೆ ಮಗನನ್ನು ಬಿಡಲು ಕಾರಣ ಉಳಿಯುವುದಿಲ್ಲ, ಮಗಳನ್ನು ಬಿಸಿಲಿಗೇ ಕಳಿಸದಿರಲೂ ಕಾರಣ ಉಳಿಯುವುದಿಲ್ಲ.

ಇನ್ನು ಹುಡುಗಿಯರ ಬಟ್ಟೆ. ಅಂಗಡಿಗಳಲ್ಲಿ ‘ಗರ್ಲ್ಸ್ ಕಾಸ್ಟ್ಯೂಮ್’ ಎಂದು ಮಾರುವುದರಲ್ಲಿ ಸೊಂಟದ ಸುತ್ತ ನೆರಿಗೆಯ ಲಂಗವಿರುವುದೇ ಹೆಚ್ಚು. ನಿಂತಾಗ ಚೆಂದ. ನೀರಿಗಿಳಿದೊಡನೆ ಆ ನೆರಿಗೆ ಗಾಳಿ ತುಂಬಿಕೊಂಡು ಎದೆಯವರೆಗೆ ಏರುತ್ತದೆ, ಗಾಳಿ ಹೋದ ಮೇಲೆ ನೀರು ತುಂಬಿಕೊಂಡು ಜಗ್ಗುತ್ತದೆ. ಮಗು ಮೊದಲ ವಾರ ಕಲಿಯಬೇಕಾದದ್ದು ಮೈಯನ್ನು ಹಲಗೆಯಂತೆ ಮಟ್ಟವಾಗಿ ಚಾಚಿ ತೇಲುವುದು, ಸೊಂಟದಿಂದ ಕಾಲು ಬಡಿಯುವುದು. ಸೊಂಟದಲ್ಲೇ ಜಗ್ಗಿದರೆ ಕಾಲು ಕೆಳಗಿಳಿಯುತ್ತದೆ, ಮಗು ಮೊಣಕಾಲು ಮಡಚಿ ಸೈಕಲ್ ತುಳಿದಂತೆ ಒದೆಯಲು ಶುರುಮಾಡುತ್ತದೆ. ಆ ಅಭ್ಯಾಸ ಬಿಡಿಸಲು ತಿಂಗಳುಗಳೇ ಬೇಕು. ‘ಹುಡುಗರು ಬೇಗ ಕಲೀತಾರೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಲಂಗ.

ಲೆಗ್ಗಿಂಗ್ಸ್ ಮತ್ತು ಟೀ ಶರ್ಟಿನ ತೊಂದರೆ ಬೇರೆ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಜೋಲುತ್ತದೆ, ಕೈಯೆತ್ತಿದಾಗ ಮುಖಕ್ಕೆ ಅಂಟುತ್ತದೆ. ಬಿಸಿಲನ್ನಾದರೂ ತಡೆಯುತ್ತದೆಯೇ ಎಂದರೆ ಅದೂ ಅಷ್ಟಕ್ಕಷ್ಟೆ. ಬಟ್ಟೆಯ ತಡೆಯುವ ಶಕ್ತಿಗೆ ಯುಪಿಎಫ್ ಎಂಬ ಅಳತೆಯಿದೆ, ಇದನ್ನು ಅಳೆಯುವ ಮಾನದಂಡವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲೇ ರೂಪಿಸಿದವು. ಯುಪಿಎಫ್ 50 ಎಂದರೆ ಬಿದ್ದ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟಿನದು ಒಣಗಿದ್ದಾಗ 5ರಿಂದ 8 ಇರುತ್ತದೆ, ಒದ್ದೆಯಾದರೆ 3ರ ಸುಮಾರಿಗೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಕಿರಣ ಚರ್ಮ ತಲುಪುತ್ತದೆ. ಇದಲ್ಲದೆ ಹತ್ತಿಯ ಎಳೆಗಳು ಬಿಟ್ಟುಕೊಂಡು ಕೊಳದ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ, ಬಟ್ಟೆಯಲ್ಲಿ ಉಳಿದ ಸೋಪು, ಬಣ್ಣ ನೀರಿಗಿಳಿದು ಕ್ಲೋರಿನ್ ಖರ್ಚಾಗುತ್ತದೆ. ಕೊಳದವರು ಹತ್ತಿ ಬೇಡ ಎನ್ನುವುದು ಇದಕ್ಕೇ. ಅದನ್ನು ‘ಹೆಣ್ಣುಮಕ್ಕಳಿಗೆ ಮೈ ಮುಚ್ಚಲು ಬಿಡುವುದಿಲ್ಲ’ ಎಂದು ತಿಳಿದು ಮಗಳನ್ನು ವಾಪಸು ಕರೆದೊಯ್ಯುವವರಿದ್ದಾರೆ. ಬೇಡವೆಂದದ್ದು ಹತ್ತಿಯನ್ನು, ಮುಚ್ಚುವುದನ್ನಲ್ಲ ಎಂದು ಕೊಳದ ಸಿಬ್ಬಂದಿ ಅಲ್ಲೇ ಬಿಡಿಸಿ ಹೇಳಬೇಕು.

ಹಾಗಾದರೆ ಏನು ತೊಡಿಸಬೇಕು? ಮೈಗೊಪ್ಪುವ ತೋಳಿನ ಮೇಲಂಗಿ, ಮೊಣಕಾಲಿನ ತನಕ ಬರುವ ಬಿಗಿ ಚಡ್ಡಿ. ಅಂಗಡಿಯಲ್ಲಿ ಮೇಲಂಗಿಗೆ ರ‍್ಯಾಶ್ ಗಾರ್ಡ್ ಎನ್ನುತ್ತಾರೆ, ಚಡ್ಡಿಗೆ ಜಾಮರ್. ಇದೇ ಜೋಡಿ ಹುಡುಗನಿಗೂ ಸಾಕು, ಹುಡುಗಿಗೂ ಸಾಕು. ಒಂದೇ ತುಂಡಿನ ಕಾಸ್ಟ್ಯೂಮಿಗಿಂತ ಎರಡು ತುಂಡಿನ ಈ ಜೋಡಿಯಲ್ಲಿ ಇನ್ನೊಂದು ಅನುಕೂಲವಿದೆ. ಒದ್ದೆಯಾದ ಒಂದೇ ತುಂಡನ್ನು ಭುಜದಿಂದ ಪೂರ್ತಿ ಸುಲಿದೇ ಶೌಚಕ್ಕೆ ಹೋಗಬೇಕು. ಐದು ವರ್ಷದ ಹುಡುಗಿಗೆ ಅದು ಒಬ್ಬಳಿಂದಲೇ ಆಗದ ಕೆಲಸ, ಆದ್ದರಿಂದ ಅವಳು ತಡೆದುಕೊಳ್ಳುತ್ತಾಳೆ ಇಲ್ಲವೇ ನೀರಿನಲ್ಲೇ ಮುಗಿಸುತ್ತಾಳೆ. ಎರಡು ತುಂಡಿದ್ದರೆ ತನ್ನ ಪಾಡಿಗೆ ತಾನು ಹೋಗಿಬರುತ್ತಾಳೆ.

ಕೊಳ್ಳುವಾಗ ಚೀಟಿಯಲ್ಲಿ ಯುಪಿಎಫ್ 50+ ಎಂದಿದೆಯೇ ನೋಡಿ. ಚೀಟಿ ಇಲ್ಲದಿದ್ದರೆ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ: ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ ಕಿರಣವೂ ದಾಟುತ್ತದೆ. ನೈಲಾನಿಗೆ ಎಲಾಸ್ಟೇನ್, ಅಂದರೆ ನಾವು ಲೈಕ್ರಾ ಎನ್ನುವುದು, ಸೇರಿಸಿದ ಬಟ್ಟೆ ಮೆತ್ತಗೆ ಹಿತವಾಗಿರುತ್ತದೆ, ಆದರೆ ಕ್ಲೋರಿನ್ ಎಲಾಸ್ಟೇನನ್ನು ತಿನ್ನುತ್ತದೆ. ವರ್ಷವಿಡೀ ಈಜುವ ಮಗುವಿಗೆ ಪಾಲಿಯೆಸ್ಟರ್ ಮತ್ತು ಪಿಬಿಟಿ (ಹಿಗ್ಗುವ ಗುಣದ ಒಂದು ಬಗೆಯ ಪಾಲಿಯೆಸ್ಟರ್) ಬಟ್ಟೆಯದು ಬಹುಕಾಲ ಬಾಳುತ್ತದೆ. ಬರೀ 21 ದಿನಕ್ಕಾದರೆ ನೈಲಾನೇ ಸಾಕು. ದುಬಾರಿಯೆನಿಸಿದರೆ, ತೂತುಗಳಿಲ್ಲದ ಒತ್ತುನೇಯ್ಗೆಯ ಪಾಲಿಯೆಸ್ಟರ್ ಆಟದ ಜರ್ಸಿಯನ್ನು ದರ್ಜಿಯ ಹತ್ತಿರ ಮೈಗೆ ಸರಿಯಾಗಿ ಹಿಡಿಸಿಕೊಂಡರೂ ಹತ್ತಿಗಿಂತ ಎಷ್ಟೋ ಮೇಲು. ಗಾಳಿಯಾಡಲೆಂದು ಜಾಲರಿಯಂತೆ ನೇಯ್ದ ಜರ್ಸಿ ಮಾತ್ರ ಬೇಡ.

‘ಬೆಳೆಯೋ ಮಗು, ಒಂದು ಸೈಜು ದೊಡ್ಡದಿರಲಿ’ ಎಂಬ ಲೆಕ್ಕ ಈಜುಡುಗೆಗೆ ನಡೆಯುವುದಿಲ್ಲ. ಸಡಿಲವಾದರೆ ನೀರು ತುಂಬುತ್ತದೆ, ಅಂಚು ಕಂಕುಳನ್ನು ಉಜ್ಜಿ ಗಾಯ ಮಾಡುತ್ತದೆ. ಕಳೆದ ವರ್ಷದ್ದನ್ನೇ ಎಳೆದು ತೊಡಿಸಿದರೆ ಹಿಗ್ಗಿದ ನೇಯ್ಗೆಯ ಸಂದು ಅಗಲವಾಗಿ ಯುಪಿಎಫ್ ಬೀಳುತ್ತದೆ. ತೊಡಿಸಿ ಮೂರು ಪರೀಕ್ಷೆ ಮಾಡಿ. ಎರಡೂ ಕೈ ಮೇಲೆತ್ತಿದರೆ ಅಂಗಿ ಹೊಟ್ಟೆಯ ಮೇಲಕ್ಕೆ ಸರಿಯಬಾರದು. ಕುಕ್ಕರಗಾಲಲ್ಲಿ ಕೂತೆದ್ದರೆ ಚಡ್ಡಿ ಜಾರಬಾರದು. ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ಹಿಡಿಸಬೇಕು, ಎರಡು ಹಿಡಿಸಿದರೆ ಸಡಿಲ. ಅಂಗಿ ಮೇಲೇರುವುದನ್ನು ತಡೆಯಲು ಮುಂದೆ ಒಂದು ಕುಣಿಕೆಯಿದ್ದು ಅದನ್ನು ಚಡ್ಡಿಯ ದಾರಕ್ಕೆ ಕಟ್ಟುವಂತಿದ್ದರೆ ಒಳ್ಳೆಯದು. ಕತ್ತಿನ ಹಿಂದೆ ಗಂಟು ಹಾಕುವ ದಾರದ ಬಟ್ಟೆ ಚಿಕ್ಕ ಮಕ್ಕಳಿಗೆ ಬೇಡ, ಏಣಿಗೋ ಲೇನಿನ ಹಗ್ಗಕ್ಕೋ ಸಿಕ್ಕಿಕೊಳ್ಳುತ್ತದೆ. ಹುಡುಗರ ಸಡಿಲ ಬೀಚ್ ಚಡ್ಡಿಯ ಒಳಗೆ ಜಾಲರಿಯ ಪದರವಿರುತ್ತದೆ, ಮರಳು ಸೇರಿದರೆ ಅದು ತೊಡೆಯ ಸಂದಿಯನ್ನು ಉಜ್ಜಿ ಹುಣ್ಣು ಮಾಡುತ್ತದೆ. ನಯವಾದ ಅಸ್ತರಿರುವುದನ್ನೇ ಕೊಳ್ಳಿ.

ಬಣ್ಣದ ವಿಷಯವನ್ನು ಯಾರೂ ಮಾತಾಡುವುದಿಲ್ಲ, ಆದರೆ ಜೀವ ಉಳಿಸುವ ವಿಷಯ ಅದು. ತಿಳಿನೀಲಿ, ಬೂದು, ಬಿಳಿ ಬಣ್ಣದ ಬಟ್ಟೆ ನೀಲಿ ಹೆಂಚಿನ ಕೊಳದಲ್ಲಿ ನೀರಿನಡಿ ಒಂದೆರಡು ಅಡಿ ಹೋದರೆ ಕಾಣಿಸುವುದೇ ಇಲ್ಲ. ಕಡುನೀಲಿ, ಕಪ್ಪು ಕೆರೆಯ ಕಂದು ನೀರಿನಲ್ಲಿ ಕರಗಿಹೋಗುತ್ತವೆ, ಕೊಳದಲ್ಲಿ ನೆರಳೋ ಎಲೆಯೋ ಎನಿಸುತ್ತವೆ. ಎದ್ದು ಕಾಣುವುದು ಹೊಳೆಯುವ ಕಿತ್ತಳೆ, ಹೊಳೆಯುವ ಗುಲಾಬಿ, ಗಿಳಿಹಸಿರು. ಈಗ ಅಂಗಡಿಯ ಸಾಲು ನೋಡಿ: ಗಂಡುಮಕ್ಕಳಿಗೆಂದು ಇಟ್ಟಿರುವುದು ಹೆಚ್ಚಾಗಿ ನೀಲಿ, ಬೂದು, ಕಪ್ಪು. ‘ಗುಲಾಬಿ ಹುಡುಗಿಯರ ಬಣ್ಣ’ ಎಂಬ ಒಂದು ಎಣಿಕೆಗಾಗಿ, ಮುಳುಗಿದಾಗ ಜೀವರಕ್ಷಕನ ಕಣ್ಣಿಗೆ ಬೀಳದ ಬಣ್ಣವನ್ನು ಮಗನಿಗೆ ತೊಡಿಸುತ್ತಿದ್ದೇವೆ. ಹುಡುಗನಿಗೆ ಕಿತ್ತಳೆಯನ್ನಾದರೂ ಕೊಡಿಸಿ. ಕೊಳ್ಳುವ ಮುಂಚೆ ಆ ಬಟ್ಟೆಯನ್ನು ನೀರು ತುಂಬಿದ ನೀಲಿ ಬಕೆಟ್ಟಿನ ತಳದಲ್ಲಿ ನೆನೆಸಿದಂತೆ ಊಹಿಸಿಕೊಂಡರೂ ಸಾಕು, ವ್ಯತ್ಯಾಸ ತಿಳಿಯುತ್ತದೆ.

ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಇದ್ದರೆ ಸುಡುವ ಕಿರಣದ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಆದರೆ ಶೇ 98. ಈ ಒಂದು ಅಂಕಕ್ಕೆ ದುಪ್ಪಟ್ಟು ಹಣ ಕೊಡಬೇಕಿಲ್ಲ. ಬೇಕಾದದ್ದು ಅಳತೆ. ಟ್ಯೂಬಿನ ಮೇಲಿನ ಸಂಖ್ಯೆ ನಿಜವಾಗಬೇಕಾದರೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು. 25 ಕಿಲೊ ತೂಕದ, ಎಂಟು ವರ್ಷದ ಮಗುವಿನ ಮೈ ಸುಮಾರು 9,000 ಚದರ ಸೆಂಟಿಮೀಟರ್. ಬರೀ ಚಡ್ಡಿ ತೊಟ್ಟ ಹುಡುಗನಿಗೆ ಹದಿನಾಲ್ಕು ಹದಿನೈದು ಗ್ರಾಂ ಬೇಕು, 50 ಗ್ರಾಮಿನ ಟ್ಯೂಬು ಮೂರು ದಿನಕ್ಕೆ ಖಾಲಿ. ಅರ್ಧ ತೋಳಿನ ಅಂಗಿ, ಮೊಣಕಾಲಿನ ಚಡ್ಡಿ ತೊಡಿಸಿದರೆ ಮುಖ, ಕತ್ತು, ಕಿವಿ, ಮುಂಗೈ, ಮೀನಖಂಡ, ಪಾದ ಇಷ್ಟೇ ಉಳಿಯುವುದರಿಂದ ಆರೇಳು ಗ್ರಾಮಿನಲ್ಲಿ ಮುಗಿಯುತ್ತದೆ. ಮುಖ, ಕತ್ತು, ಕಿವಿ ಸೇರಿ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ ಎಂದಿಟ್ಟುಕೊಳ್ಳಿ. ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿದರೆ ಹಚ್ಚಿದ ಸಮಾಧಾನ ಮಾತ್ರ. ಬಟ್ಟೆ ದುಬಾರಿ ಎನ್ನುವವರು ಈ ಲೆಕ್ಕ ಹಾಕಿ ನೋಡಲಿ, ಅಂಗಿಯ ಬೆಲೆ ಒಂದೇ ಶಿಬಿರದಲ್ಲಿ ಟ್ಯೂಬಿನ ಉಳಿತಾಯದಿಂದ ಬಹುಪಾಲು ಹಿಂದಿರುಗುತ್ತದೆ.

ಹಚ್ಚುವುದು ನೀರಿಗಿಳಿಯುವ 20 ನಿಮಿಷ ಮುಂಚೆ, ಒಣ ಮೈಗೆ. ಕೊಳದ ಮೆಟ್ಟಿಲ ಮೇಲೆ ಹಚ್ಚಿ ತಕ್ಷಣ ಇಳಿಸಿದರೆ ಅರ್ಧ ನೀರಿನ ಪಾಲು. ಟವೆಲಿನಲ್ಲಿ ಒರೆಸಿಕೊಂಡ ಮೇಲೆ ಮತ್ತೆ ಹಚ್ಚಬೇಕು, ಇಲ್ಲದಿದ್ದರೆ ಎರಡು ಗಂಟೆಗೊಮ್ಮೆ. ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ 40 ಅಥವಾ 80 ನಿಮಿಷ ತಡೆಯುತ್ತದೆ ಎಂದರ್ಥ, ದಿನವಿಡೀ ಅಲ್ಲ. ಕಿವಿಯ ಮೇಲಂಚು, ಬೈತಲೆಯ ಗೆರೆ, ಮೊಣಕಾಲಿನ ಹಿಂಭಾಗ, ಪಾದದ ಮೇಲ್ಭಾಗ ಯಾವಾಗಲೂ ಮರೆತುಹೋಗುವ ಜಾಗಗಳು. ಹಿಂದಿನ ದಿನವೇ ಮುಂಗೈಗೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ನೋಡಿಕೊಳ್ಳಿ. ಆರು ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್ ಅಲ್ಲ, ನೆರಳೇ ಮದ್ದು. ಕೊಬ್ಬರಿ ಎಣ್ಣೆಯನ್ನೇ ಸನ್‌ಸ್ಕ್ರೀನ್ ಎಂದು ನಂಬಿ ಹಚ್ಚಬೇಡಿ, ಬಿಸಿಲು ತಡೆಯುವ ಶಕ್ತಿ ಅದರಲ್ಲಿ ಅತ್ಯಲ್ಪ, ಕೊಳದ ನೀರು ಕದಡುವುದಂತೂ ಖಚಿತ.

ತಲೆಗೂದಲಿಗೂ ಇದೇ ಮಾತು. ಟೋಪಿ ಉದ್ದ ಕೂದಲಿನ ಹುಡುಗಿಯರಿಗೆ ಮಾತ್ರ ಎಂಬ ರೂಢಿ ಕೆಲವೆಡೆ ಇದೆ. ಉದುರುವ ಕೂದಲು ಫಿಲ್ಟರಿಗೆ ಒಂದೇ, ಯಾರದಾದರೇನು. ಕೂದಲನ್ನು ಮೊದಲು ಬರಿ ನೀರಿನಲ್ಲಿ ನೆನೆಸಿ ಆಮೇಲೆ ಸಿಲಿಕೋನ್ ಟೋಪಿ ಹಾಕಿದರೆ ಕ್ಲೋರಿನ್ ಹೀರುವುದು ಕಡಿಮೆಯಾಗುತ್ತದೆ, ಎಳೆದರೂ ಕೂದಲು ಕೀಳುವುದಿಲ್ಲ.

ಉಡುಗೆ ಬಾಳಬೇಕಾದರೆ ಅದಕ್ಕೂ ಇದೇ ಉಪಾಯ. ಕೊಳಕ್ಕಿಳಿಯುವ ಮೊದಲು ಶವರಿನಲ್ಲಿ ಬಟ್ಟೆಯನ್ನೂ ನೆನೆಸಿ. ಸಿಹಿನೀರು ಕುಡಿದ ಬಟ್ಟೆ ಕ್ಲೋರಿನ್ ನೀರನ್ನು ಅಷ್ಟಾಗಿ ಕುಡಿಯುವುದಿಲ್ಲ. ಮುಗಿದ ಕೂಡಲೇ ತಣ್ಣೀರಿನಲ್ಲಿ ಜಾಲಾಡಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಒಳಮೈ ಹೊರಮಾಡಿ ನೆರಳಲ್ಲಿ ಒಣಹಾಕಿ. ಬಿಸಿನೀರು, ಬ್ಲೀಚು, ಮಿಷನ್ನಿನ ಡ್ರೈಯರ್ ಎಲ್ಲವೂ ಎಲಾಸ್ಟೇನಿಗೆ ಶತ್ರು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಂಜೆವರೆಗೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒದ್ದೆ ಚಡ್ಡಿಯಲ್ಲೇ ಆಟೊ ಹತ್ತಿ ಮನೆಗೆ ಹೋಗುವ ಹುಡುಗರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳಲು ಈ ತೇವವೂ ಕಾರಣ. ಹುಡುಗಿಯರು ಬಟ್ಟೆ ಬದಲಿಸಿ ಹೋಗುತ್ತಾರೆ, ಹುಡುಗರನ್ನು ಹಾಗೇ ಕರೆದೊಯ್ಯುತ್ತಾರೆ.

ಇದಕ್ಕೆ ಒಂದು ಕಾರಣ, ಎಷ್ಟೋ ಕೊಳಗಳಲ್ಲಿ ಗಂಡುಮಕ್ಕಳಿಗೆ ಬಾಗಿಲಿರುವ ಬಟ್ಟೆ ಬದಲಿಸುವ ಕೋಣೆಯೇ ಇರುವುದಿಲ್ಲ. ಕಟ್ಟೆಯ ಮೇಲೆ, ಎಲ್ಲರೆದುರು ಬದಲಿಸು ಎನ್ನುತ್ತಾರೆ. ನಾಚಿಕೆಪಟ್ಟರೆ ‘ಹುಡುಗಿ ಥರ ಆಡ್ಬೇಡ’ ಎಂಬ ಗದರಿಕೆ ಬೇರೆ. ಮಗಳ ಫೋಟೊ ಎಲ್ಲೂ ಹೋಗದಂತೆ ಜೋಪಾನ ಮಾಡುವ ಪೋಷಕರು ಬರಿಮೈಯ ಮಗನ ಫೋಟೊವನ್ನು ಶಿಬಿರದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡುತ್ತಾರೆ. ತನ್ನ ಮೈ ತನ್ನದು, ಮುಚ್ಚಿಕೊಳ್ಳಬೇಕೆನಿಸಿದರೆ ಮುಚ್ಚಿಕೊಳ್ಳುವ ಹಕ್ಕು ತನಗಿದೆ ಎಂಬುದನ್ನು ಗಂಡುಮಗುವೂ ಕಲಿಯಬೇಕು. ಅದನ್ನು ಕಲಿಸುವ ಮೊದಲ ಜಾಗ ಬಾಗಿಲಿರುವ ಆ ಕೋಣೆ.

‘ಈಜುಗಾರರು ಬರಿಮೈಯಲ್ಲೇ ಅಲ್ಲವೇ ಸ್ಪರ್ಧೆಗಿಳಿಯುವುದು’ ಎಂದು ಕೆಲವು ಕೋಚ್‌ಗಳು ಕೇಳುತ್ತಾರೆ. ಅದು ಸ್ಪರ್ಧೆಯ ನಿಯಮ, ಅದಕ್ಕೆ ಬೇರೆ ಇತಿಹಾಸವಿದೆ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗಂಡಸರೂ ಮೈತುಂಬ ಪಾಲಿಯುರಿಥೇನ್ ಉಡುಗೆ ತೊಟ್ಟು ಈಜಿದ್ದರು, 43 ವಿಶ್ವದಾಖಲೆಗಳು ಮುರಿದವು. ಉಡುಗೆಯೇ ತೇಲಿಸಿ ಗೆಲ್ಲಿಸುತ್ತಿದೆ ಎಂದು 2010ರ ಜನವರಿಯಿಂದ ಗಂಡಸರಿಗೆ ಹೊಕ್ಕುಳಿಂದ ಮೊಣಕಾಲು, ಹೆಂಗಸರಿಗೆ ಭುಜದಿಂದ ಮೊಣಕಾಲು ಎಂಬ ಮಿತಿ ಬಂತು. ಬರಿಮೈಯೇ ಗಂಡಸಿನ ಸಹಜ ಈಜುಡುಗೆ ಎಂಬುದೂ ಹಳೆಯ ನಂಬಿಕೆಯೇನಲ್ಲ. 1930ರ ದಶಕದಲ್ಲಿ ಅಮೆರಿಕದ ಕೆಲವು ಕಡಲತೀರಗಳಲ್ಲಿ ಎದೆ ಮುಚ್ಚದೆ ಬಂದ ಗಂಡಸರನ್ನೇ ಪೊಲೀಸರು ಹಿಡಿಯುತ್ತಿದ್ದರು. ಕಾಲಕಾಲಕ್ಕೆ ಬದಲಾದ ರೂಢಿಯನ್ನು ಏಳು ವರ್ಷದ ಮಗುವಿನ ಪಾಠಕ್ಕೆ ತರುವುದು ಬೇಡ. ಭುಜ ತಿರುಗುವುದು ಕಾಣಬೇಕು ಎಂಬ ಕೋಚ್‌ಗಳ ಮಾತು ಸರಿಯೇ, ಮೈಗಂಟಿದ ಅಂಗಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಸ್ಪರ್ಧೆಗೆ ತಯಾರಾಗುವ ಮಕ್ಕಳು ಬೇಕಾದರೆ ಬೆಳಿಗ್ಗೆ ಏಳರೊಳಗಿನ ಅಭ್ಯಾಸದಲ್ಲಿ ಸ್ಪರ್ಧೆಯ ಉಡುಗೆ ತೊಡಲಿ.

ವಿಟಮಿನ್ ಡಿ ಕೊರತೆಯಾಗುವುದಿಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಕಂದು ಚರ್ಮಕ್ಕೆ ಅದನ್ನು ತಯಾರಿಸಲು ಬಿಸಿಲು ಹೆಚ್ಚೇ ಬೇಕು. ಆದರೆ ಅದಕ್ಕೆ ಚರ್ಮ ಸುಡುವ ತನಕ ನಿಲ್ಲಬೇಕಿಲ್ಲ. ಶಾಲೆಗೆ ಹೋಗಿಬರುವಾಗ, ಅಂಗಳದಲ್ಲಿ ಆಡುವಾಗ ಕೈಕಾಲಿಗೆ ಬೀಳುವ ಬಿಸಿಲೂ ಆ ಕೆಲಸಕ್ಕೆ ನೆರವಾಗುತ್ತದೆ. ಕೊರತೆಯ ಅಪಾಯ ಹೆಚ್ಚಿರುವುದು ‘ಕಪ್ಪಾಗ್ತೀಯ’ ಎಂದು ಮನೆಯೊಳಗೆ ಕೂರಿಸಿದ ಹುಡುಗಿಗೆ.

ಹತ್ತು ಹನ್ನೊಂದು ವಯಸ್ಸಿಗೆ ಬಂದೊಡನೆ ಹುಡುಗಿಯರು ಕೊಳದಿಂದ ಕಾಣೆಯಾಗುತ್ತಾರೆ. ಮುಟ್ಟಿನ ನಾಲ್ಕೈದು ದಿನ ಬಿಟ್ಟರಾಯಿತು, ಇಡೀ ಈಜನ್ನೇ ಬಿಡಿಸಬೇಕಿಲ್ಲ. ಆ ದಿನಗಳ ಪಾಠವನ್ನು ಮುಂದಿನ ಬ್ಯಾಚಿನಲ್ಲಿ ತುಂಬಿಕೊಡುವ ಏರ್ಪಾಡು ಕೊಳದವರು ಮಾಡಬಹುದು. ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದಾಗ ಅವರ ವಯಸ್ಸು 14, ಭಾರತ ತಂಡದಲ್ಲೇ ಅತಿ ಕಿರಿಯರು. ನಮ್ಮ ಎಷ್ಟೋ ಹುಡುಗಿಯರು ಆ ವಯಸ್ಸಿಗೆ ನೀರು ಬಿಟ್ಟು ಮೂರು ವರ್ಷವಾಗಿರುತ್ತದೆ. ಪದಕದ ಮಾತು ಬಿಡಿ. ಹಳ್ಳಿಗಳಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕೆರೆಬಾವಿಯಲ್ಲಿ ಈಜು ಕಲಿತವರು ಹೆಚ್ಚಾಗಿ ಗಂಡುಮಕ್ಕಳು. ಅದೇ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಜಾರುವ ಕೃಷಿಹೊಂಡದಿಂದ ನೀರು ಮೊಗೆಯುವವರು ಹೆಣ್ಣುಮಕ್ಕಳು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಸಮುದ್ರದ ಸೆಳೆತಕ್ಕೆ ಈಜು ಬಲ್ಲವರೂ ಸಿಲುಕುತ್ತಾರೆ, ಅದು ನಿಜ. ಆದರೂ ನೀರಿನ ಸ್ವಭಾವ ತಿಳಿಯುವ ಅವಕಾಶವನ್ನು ಒಂದು ಬಟ್ಟೆಯ ಕಾರಣಕ್ಕೆ ಯಾವ ಹುಡುಗಿಯಿಂದಲೂ ಕಸಿಯಬಾರದು. ಮೈತುಂಬ ಮುಚ್ಚುವ ಈಜುಡುಗೆ ಬೇಕೆಂದರೆ ಅದೂ ಸಿಗುತ್ತದೆ, ಪಾದದ ತನಕ ಬರುವ ಪಾಲಿಯೆಸ್ಟರಿನದೇ ಇದೆ. ಅದನ್ನು ತೊಟ್ಟು ಬಂದವಳನ್ನು ಯಾವ ಕೊಳವೂ ತಿರುಗಿಸಿ ಕಳಿಸದಿರಲಿ. ಬೆಳೆದ ಮೇಲೆ ಎಷ್ಟು ಮುಚ್ಚಿಕೊಳ್ಳಬೇಕೆಂಬುದು ಅವಳ ಆಯ್ಕೆ, ಅವನದೂ ಹಾಗೆಯೇ.

ಕೊಳ ನಡೆಸುವ ನಗರಸಂಸ್ಥೆಗಳು, ಕ್ರೀಡಾ ಇಲಾಖೆ, ಖಾಸಗಿ ಕ್ಲಬ್ಬುಗಳು ಮುಂದಿನ ಶಿಬಿರದೊಳಗೆ ಮಾಡಬಹುದಾದ ಕೆಲಸಗಳಿವು. ಹಲವೆಡೆ ತಂಪು ಹೊತ್ತಿನ ಬೆಳಗಿನ ಬ್ಯಾಚುಗಳು ಗಂಡಸರಿಗೆ, ‘ಮಹಿಳೆಯರು ಮತ್ತು ಹೆಣ್ಣುಮಕ್ಕಳ ಬ್ಯಾಚ್’ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ ಇರುತ್ತದೆ. ದಿನದ ಅತಿನೇರಳೆ ಕಿರಣದಲ್ಲಿ ಸುಮಾರು ಶೇ 60ರಷ್ಟು ಬೀಳುವುದು ಹತ್ತರಿಂದ ಎರಡರ ನಡುವೆ. ಮಕ್ಕಳ ಮತ್ತು ಮಹಿಳೆಯರ ಬ್ಯಾಚುಗಳನ್ನು ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಇಡಿ, ಸಾಧ್ಯವಾಗದಿದ್ದರೆ ವಾರ ಬಿಟ್ಟು ವಾರವಾದರೂ ಹೊತ್ತು ಅದಲುಬದಲು ಮಾಡಿ. ಕಲಿಯುವ ಮಕ್ಕಳ ಆಳವಿಲ್ಲದ ಕೊಳದ ಮೇಲೆ ನರ್ಸರಿಗಳಲ್ಲಿ ಬಳಸುವ ಶೇ 75ರ ನೆರಳುಬಲೆ ಕಟ್ಟಿ. ಗಂಡುಮಕ್ಕಳ ಕೋಣೆಗೆ ಬಾಗಿಲು ಇಡಿಸಿ. ಬಾಗಿಲ ಬಳಿ ತೂಗುಹಾಕಿದ ‘ಹುಡುಗರಿಗೆ ಟ್ರಂಕ್, ಹುಡುಗಿಯರಿಗೆ ಫುಲ್ ಕಾಸ್ಟ್ಯೂಮ್’ ಎಂಬ ಫಲಕ ಇಳಿಸಿ, ಹೀಗೆ ಬರೆಸಿ: ‘ಎಲ್ಲ ಮಕ್ಕಳಿಗೆ: ನೈಲಾನ್ ಅಥವಾ ಪಾಲಿಯೆಸ್ಟರಿನ ತೋಳಿನ ಅಂಗಿ, ಮೊಣಕಾಲಿನ ಚಡ್ಡಿ, ಟೋಪಿ. ಎದ್ದು ಕಾಣುವ ಬಣ್ಣವಿರಲಿ. ಇನ್ನೂ ಹೆಚ್ಚು ಮುಚ್ಚುವ ಈಜುಡುಗೆಗೂ ಅವಕಾಶವಿದೆ. ಹತ್ತಿ ಬೇಡ.’

ಇಂತಿ,
ಮಕ್ಕಳಿಗೆ ಈಜು ಕಲಿಸುವ ಕೆಲವು ತರಬೇತುದಾರರು
ಬೆಂಗಳೂರು